ಬೋರಲಿಟ್ಟ ಕೊಡ

“ಮಾದಿ ಹೊಟ್ಟೆ ಹೊಲಿಗೆ ಬಿಚ್ಕಂಡದ್ದು ಕೊಡ ಎತ್ತಿದ್ದಕ್ಕಂತೆ! ಆಸ್ಪತ್ರೆ ಕಾಗದದಲ್ಲೇ ಬರ್ದಿದ್ರಂತೆ!” ಪಕ್ಕದ ಮನೆಯ ಕಾಶಿ ಅಂಗಳದ ಹೆಂಗಸರಿಗೆ ಹೇಳಿದಳು.

“ಯಾರು ಎತ್ತಿದ್ದು?” ಹೆಣದ ತಲೆದೆಸೆಯಲ್ಲಿದ್ದ ಮೊಮ್ಮಗಳು ಚಂದನಾ ಎದ್ದೇಬಿಟ್ಟಳು. “ಅಜ್ಜಿ ಮಂಚ ಇಳೀಲಿಲ್ಲ.”

“ನೀ ಕಾಲೇಜಿಗೆ ಹೋದಾಗ ಎತ್ತಿರ್ತು ಮಗಾ. ಮಾದಿ ಸುಮ್ಮಂಗೆ ಕೂತದ್ದು ಯಾರಾದ್ರೂ ಕಂಡಿದ್ರೆ ಹೇಳಲಿ.”

ಯಾರೂ ಕಂಡಿರಲಿಲ್ಲ. ಬೆಳಂಬಾರದಿಂದ ಅಂಕೋಲೆ ಪೇಟೆಗೆ ನಲವತ್ತು ವರ್ಷ ಹರಿವೆ, ಬಸಳೆ ಹೊತ್ತ ತಲೆ ಅದು. ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಹರಿದ ದಿನ ಬುಟ್ಟಿಯನ್ನು ಸೀಟಿನ ಮೇಲೆ ಕೂರಿಸಿ, ತಾನು ನಿಂತೇ ಹೋಗಿದ್ದಳು.

ಚಂದನಾ ಅಪ್ಪನ ಕಡೆ ತಿರುಗಿದಳು. ಮಾದಿಯ ಮಗ ಸೋಮು ಚಟ್ಟ ಕಟ್ಟುತ್ತಿದ್ದ. “ಡಾಕ್ಟ್ರು ಬರ್ದಾಯ್ತಲೆ. ಬಿಡು ಇನ್ನು.”

“ನೀನೂ ನಂಬ್ತ್ಯಾ?”

ಸೋಮು ಹಗ್ಗದ ಗಂಟು ಬಿಗಿದ. ಅಷ್ಟು ದಿನವೂ ಮಲ್ಲಾಪುರದ ಕಾಂಟ್ರಾಕ್ಟ್ ಕೆಲಸದಲ್ಲಿದ್ದವನು ಅವನು. ಕಣ್ಣಾರೆ ಕಂಡದ್ದೇನೂ ಇರಲಿಲ್ಲ.

*

ಆಪರೇಶನ್ನಿನ ಹಿಂದಿನ ದಿನ ಮಾದಿ ತಾಮ್ರದ ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ್ದಳು. “ನಾ ಏಳೂತನಕ ನೀನೂ ಮಲ್ಕೊ,” ಎಂದು ಅದರ ಬೆನ್ನು ತಟ್ಟಿದ್ದಳು.

ಕಾರವಾರದ ಆಸ್ಪತ್ರೆಯಿಂದ ಬಂದ ಮೇಲೂ ಮಾತಿಗೆ ತಪ್ಪಲಿಲ್ಲ. “ಮೂರು ತಿಂಗ್ಳು ಭಾರ ಎತ್ತೂಕಾಗ ಅಂದ್ರು. ಮಹಾರಾಣಿ ಹಂಗೆ ಕೂತ್ಕಂತೆ. ಏ ಚಂದನಾ, ಚಾ ತಾ!”

ಮೂರನೇ ದಿನ ಪಟ್ಟಿ ಒದ್ದೆಯಾಯಿತು. ಕೀವಲ್ಲ, ರಕ್ತವೂ ಅಲ್ಲ. ಮೀನು ತೊಳೆದ ನೀರಿನಂಥ ತೆಳು ಗುಲಾಬಿ. ಚಂದನಾ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿ, ಫೋನೂ ಮಾಡಿದಳು.

“ಅದೆಲ್ಲ ಇರುತ್ತಮ್ಮ. ಸೋಮವಾರ ಬನ್ನಿ,” ಎಂದಿತು ಒಂದು ಹೆಣ್ಣುದನಿ.

ಮರುದಿನ ಮತ್ತೆ ಫೋಟೋ. ಮತ್ತೆ ಅದೇ ಸೋಮವಾರ.

ಭಾನುವಾರ ಬೆಳಿಗ್ಗೆ ಮಾದಿ ಮಲಗಿದಲ್ಲೇ ಒಮ್ಮೆ ಕೆಮ್ಮಿದಳು. “ಎಂತದೋ ಬಿಟ್ಕಂಡಂಗಾಯ್ತಲೆ,” ಎಂದು ಹೊಟ್ಟೆ ಹಿಡಿದುಕೊಂಡಳು. ಕಾರವಾರಕ್ಕೆ ಒಯ್ದರೂ ಅಂದು ರಾತ್ರಿ ಆಸ್ಪತ್ರೆಯಲ್ಲೇ ತೀರಿಕೊಂಡಳು.

*

“ಮೀಯಿಸೂಕೆ ಅವಳ ಕೊಡದಲ್ಲೇ ನೀರು ತನ್ನಿ,” ಎಂದರು ಯಾರೋ. ಕಾಶಿ ಬಾವಿಕಟ್ಟೆಗೆ ಹೋಗಿ ಬಗ್ಗಿದಳು.

“ಎತ್ತಬೇಡಿ!”

ಹಿಂದೆಯೇ ಬಂದಿದ್ದ ಚಂದನಾ ಕೂಗಿದ ರಭಸಕ್ಕೆ ಅಂಗಳವೇ ಬಾವಿಯ ಬಳಿ ಬಂತು. ಕೊಡದ ಬಾಯಿಗೂ ಕಟ್ಟೆಯ ಕಲ್ಲಿಗೂ ಸೇರಿಸಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಒಣಗಿ ಕಲ್ಲಾದ ಹಳೆಯ ಕೋಣೆಗಳು. ಅವುಗಳ ಮೇಲೆ ಇನ್ನೂ ಹಸಿ ಆರದ ಒಂದು.

ಸೋಮು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಸುತ್ತ ಸವರಿದ. ಎಲ್ಲಿಯೂ ಒಂದು ಬಿರುಕಿರಲಿಲ್ಲ.

“ಅಪ್ಪಾ, ಇದನ್ನ ಒಡೀದೆ ಕೊಡ ಎತ್ತೂಕೆ ಆತದ್ಯಾ?”

ಸೋಮು ಇಲ್ಲವೆಂದು ತಲೆಯಾಡಿಸಿದ. ಕಾಶಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ ಮಾದಿ, ನನ್ನ ಬಾಯಿಗೆ ಮಣ್ಣು ಬೀಳ್ಲಿ.”

ಮಾದಿಗೆ ಪ್ಲಾಸ್ಟಿಕ್ ಬಕೆಟ್ಟಿನ ನೀರೇ ಆಯಿತು.

ಸಂಸ್ಕಾರ ಮುಗಿಸಿ ಬಂದವರ ಬಟ್ಟೆ ಇನ್ನೂ ಒದ್ದೆಯಿರುವಾಗಲೇ ಚಂದನಾ ಆಸ್ಪತ್ರೆಗೆ ಫೋನ್ ಹಚ್ಚಿದಳು. ಅದೇ ದನಿ. “ಡಾಕ್ಟರ್ ಬಿಜಿ ಇದ್ದಾರೆ. ಮುಂದಿನ ಸೋಮವಾರ ಬನ್ನಿ.”

ಸೋಮು ಕೈ ಚಾಚಿ ಫೋನ್ ಇಸಿದುಕೊಂಡ.

“ನಾಳೆ,” ಎಂದ. “ಹತ್ತು ಗಂಟೆಗೆ. ನಾನು, ನನ್ನ ಮಗಳು, ಅವಳು ತೆಗ್ದ ಫೋಟೋ ಎಲ್ಲ ಬತ್ತದೆ. ಆ ಕಾಗದ ಬರ್ದವರನ್ನ ಕೂರ್ಸಿ ಇಡಿ.”

ಆ ಕಡೆ ಕಾಗದ ಮಗುಚಿದ ಸದ್ದಾಯಿತು. “...ಆಯ್ತು. ಹತ್ತಕ್ಕೆ.”

“ಸೂತಕದಲ್ಲಿ ಹೋಗೂದ್ಯಾ?” ಎಂದಳು ಕಾಶಿ. ಮರುಕ್ಷಣ ತಾನೇ, “ಸೂತಕ ನಿಮಗೆ. ನಂಗಿಲ್ಲಲೆ. ನಾ ಮುಂದೆ ನಡೀತೆ, ನೀವು ಹಿಂದೆ ಬನ್ನಿ,” ಎಂದಳು.

ಸೋಮು ಒಳಗಿನಿಂದ ಅವ್ವಿಯ ಸೊಪ್ಪಿನ ಬುಟ್ಟಿ ತಂದು, ಯಾರೂ ಮುಟ್ಟದ ಹಾಗೆ ಕೊಡದ ಮೇಲೆ ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಣಜ ಹಸಿಮಣ್ಣಿನ ಉಂಡೆ ಹಿಡಿದು ಬಂತು. ಬುಟ್ಟಿಯ ಸುತ್ತ ಎರಡು ಸಲ ಸುತ್ತಿ, ಬೆತ್ತದ ಸಂದಿಯಲ್ಲಿ ದಾರಿ ಮಾಡಿಕೊಂಡು ಒಳಗೆ ಹೋಯಿತು.