ಪಿಸ್ಟನ್ನಿನ ಮುಂದೆ

ನನ್ನ ಏರ್ ರೈಫಲಿಗೆ ಗ್ರೀಸ್ ಹಚ್ಚುವವನು ರುಡೊಲ್ಫ್. ಅವನದಕ್ಕೆ ಹಚ್ಚುವವನು ನಾನು. ಈ ಕಟ್ಟುಪಾಡು ಮಾಡಿದವನೂ ಅವನೇ.

"ತನ್ನ ಬಂದೂಕಿನ ಮೇಲೆ ಎಲ್ಲರಿಗೂ ಪ್ರೀತಿ ಜಾಸ್ತಿ, ಜಯ. ಪ್ರೀತಿ ಜಾಸ್ತಿ ಆದ್ರೆ ಗ್ರೀಸೂ ಜಾಸ್ತಿ ಆಗ್ತದೆ. ಬೇರೆಯವನ ಕೈ ಹಿಡಿತದಲ್ಲಿ ಇರ್ತದೆ," ಎಂದಿದ್ದ.

ಅವನು ಗಲ್ಫಿನ ವರ್ಕ್‌ಶಾಪಿನಲ್ಲಿ ದುಡಿದು ಬಂದವನು. ನಾನು ತೊಕ್ಕೊಟ್ಟಿನಲ್ಲಿ ನೀರಿನ ಪಂಪು ರಿಪೇರಿ ಮಾಡುವವನು. ಊರ ಶಾಲೆ ಬಿಟ್ಟ ಮೇಲೆ ಯಾರಾದರೂ ನನಗೆ ಕೂರಿಸಿ ಪಾಠ ಹೇಳಿದ್ದರೆ ಅದು ರುಡೊಲ್ಫ್ ಮಾತ್ರ. ಕೂಳೂರಿನ ಅವನ ಜಗಲಿಯಲ್ಲಿ ಹಳೆ ಪೇಪರ್ ಹಾಸಿ, ಬಂದೂಕು ಬಿಚ್ಚಿ ತೋರಿಸುತ್ತಿದ್ದ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿರುವ ಗಾಳಿ ಒತ್ತಿ ಕೆಂಡದ ಹಾಗೆ ಕಾಯುತ್ತದೆ. ಅಲ್ಲಿ ಉರಿಯುವ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ನಿನಲ್ಲಿ ಆಗುವುದೇ ಆಗುತ್ತದೆ: ಢಮಾರ್, ಹೊಗೆ, ಗುಂಡು ಎಲ್ಲಿಗೋ. ಗಾಳಿ ಸೋರದಂತೆ ತಡೆಯುವ ಸೀಲು, ಸ್ಪ್ರಿಂಗು ಎರಡೂ ಹಾಳು. ಪಿಸ್ಟನ್ನಿನ ಮೈಗೆ ಕಪ್ಪು ಮೊಲಿ ಗ್ರೀಸ್, ಅದೂ ಬೆರಳು ಸವರಿದಷ್ಟೇ. ಸ್ಪ್ರಿಂಗಿಗೆ ಅಂಟು ಗ್ರೀಸಿನ ತೆಳು ಪದರ. ಮುಂದಿನ ಸೀಲಿಗೆ ಸುಲಭಕ್ಕೆ ಉರಿಯದ ಸಿಲಿಕೋನ್ ಎಣ್ಣೆಯ ಪಸೆ.

"ಪಿಸ್ಟನ್ನಿನ ಮುಂದೆ ಉರಿಯುವ ವಸ್ತು ಇಡುವವನು ಕಟುಕ," ಎನ್ನುತ್ತಿದ್ದ. ನಾನು ಶುರುವಿನಲ್ಲಿ ತೆಂಗಿನೆಣ್ಣೆ ಬಿಟ್ಟದ್ದಕ್ಕೆ ಒಂದು ವರ್ಷ ನನ್ನನ್ನು "ಕೊಬ್ಬರಿ ಜಯ" ಎಂದೇ ಕರೆದ.

ಈ ಸಲ ನಮ್ಮ ಶೂಟಿಂಗ್ ಕ್ಲಬ್ಬಿನಿಂದ ರಾಜ್ಯ ಕೂಟಕ್ಕೆ ಹಿರಿಯರ ವಿಭಾಗದಲ್ಲಿ, ಓಪನ್ ಸೈಟಿಗೆ, ಅಂದರೆ ಲೆನ್ಸ್ ಇಲ್ಲದೆ ಬರಿಗಣ್ಣಿನಲ್ಲಿ ಗುರಿ ಹಿಡಿಯುವುದಕ್ಕೆ, ಒಬ್ಬರಿಗೆ ಮಾತ್ರ ಜಾಗ. ಉಳಿದವರೆಲ್ಲ ಲೆಕ್ಕಕ್ಕಿಲ್ಲ, ನಾನು ಅಥವಾ ಅವನು. ನಾನು ಆ ಜಾಗಕ್ಕೆ ಎಷ್ಟು ಹಾತೊರೆಯುತ್ತಿದ್ದೆ ಎಂದರೆ ಅಂಗಡಿಯಲ್ಲಿ ಪಂಪು ಬಿಚ್ಚುವಾಗಲೂ ಎಡಗಣ್ಣು ತನ್ನಷ್ಟಕ್ಕೆ ಮುಚ್ಚುತ್ತಿತ್ತು. ಆದರೂ ಆಯ್ಕೆಯ ಮುಂಚಿನ ವಾರ ಎಂದಿನಂತೆ ಬಂದೂಕು ಬದಲಾಯಿಸಿಕೊಂಡೆವು. ಅವನದನ್ನು ನಾನು ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಮಾಡಿದೆ.

ಆಯ್ಕೆಯ ಬೆಳಿಗ್ಗೆ ಪಂಪ್‌ವೆಲ್ ಫ್ಲೈಓವರಿನ ಕೆಳಗೆ ರುಡೊಲ್ಫ್ ನನ್ನ ಬಂದೂಕಿನ ಚೀಲ ನನ್ನ ಕೈಗಿತ್ತ.

"ಹೊಡೆದು ನೋಡಿದ್ಯಾ?"

"ಹೊಡೆಯದೆ ಕೊಡ್ತೇನಾ? ಬೆಣ್ಣೆ ಹಾಗೆ ಉಂಟು. ಇವತ್ತು ನಿನ್ನದೇ ದಿನ ಮಾರಾಯ."

ಕ್ಲಬ್ಬಿನ ರೇಂಜಿನಲ್ಲಿ ಮೊದಲ ಗುಂಡಿಗೇ ಢಮಾರ್. ನಳಿಗೆಯಿಂದ ನೀಲಿ ಹೊಗೆ. ಗುಂಡು ಗುರಿಪಟ ಬಿಟ್ಟು ಮೇಲಿನ ಹಲಗೆಗೆ. ಎರಡನೆಯದಕ್ಕೂ ಅದೇ. ಪಕ್ಕದವರು ಬಂದೂಕು ಕೆಳಗಿಟ್ಟು ನನ್ನನ್ನೇ ನೋಡಿದರು. ಸ್ಪರ್ಧೆ ನಡೆಸುತ್ತಿದ್ದ ರಾಯ್‌ಸ್ಟನ್ ಓಡಿ ಬಂದ. "ಜಯಣ್ಣ, ಸಾಕು, ಕೆಳಗಿಡಿ. ಸಿಡಿದರೆ ಯಾರಿಗೆ ಬೇಕು? ಎಂತ ಹಾಕಿದ್ರಿ, ಪೆಟ್ರೋಲಾ?"

ಯಾರೋ ನಕ್ಕರು. ನಾನು ರುಡೊಲ್ಫನ ಕಡೆ ನೋಡಿದೆ. ಅವನು ಗುರಿ ಹಿಡಿದೇ ಇದ್ದ, ತಿರುಗಲಿಲ್ಲ. ಆ ದಿನ ಅವನೇ ಗೆದ್ದ.

ಅಂಗಡಿಗೆ ಬಂದು ಬಾಗಿಲು ಹಾಕಿ ಬಿಚ್ಚಿದೆ. ಪಿಸ್ಟನ್ನಿನ ಮೈಗೆ ಕಪ್ಪು ಗ್ರೀಸ್ ಹದವಾಗಿ, ಸ್ಪ್ರಿಂಗಿನ ಪದರ ಒಂದೇ ಸಮ. ಅಷ್ಟು ಚಂದ ಮಾಡಲು ಈ ಊರಿನಲ್ಲಿ ಅವನಿಗೆ ಮಾತ್ರ ಬರುತ್ತದೆ. ಆದರೆ ಪಿಸ್ಟನ್ನಿನ ಮುಂದೆ, ಸಿಲಿಂಡರಿನೊಳಗೆ, ನೀರಿನಂಥ ತೆಳು ಎಣ್ಣೆ. ಕೈತಪ್ಪಿ ಬಿದ್ದದ್ದಲ್ಲ, ಪಿಸ್ಟನ್ನಿನ ಹಿಂಬದಿಗೆ ಒಂದು ಹನಿಯೂ ಇರಲಿಲ್ಲ. ಮೂಸಿ ನೋಡಿದೆ. ಹೊಲಿಗೆ ಮಿಷನಿನ ಎಣ್ಣೆ.

ಸ್ಕೂಟರ್ ಹಾರಿಸಿಕೊಂಡು ಕೂಳೂರಿಗೆ ಹೋದೆ. ಅವನು ಜಗಲಿಯಲ್ಲಿ ಚಾ ಕುಡಿಯುತ್ತಿದ್ದ. ಪಿಸ್ಟನ್ನನ್ನು ಮೇಜಿನ ಮೇಲೆ ಕುಕ್ಕಿದೆ.

"ಇದೆಂತ ರುಡ್ಡಿ?"

"ಎಂತ ಎಂತ?"

ಒಳಗಿಂದ ಅವನ ಹೆಂಡತಿ ನೆಲ್ಲಿ ಹೊರಗೆ ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು. "ಜಯಣ್ಣ ಬಂದದ್ದಾ? ನನ್ನ ಮಿಷನಿನ ಎಣ್ಣೆ ಕುಪ್ಪಿ ಕಾಣುವುದಿಲ್ಲ ಮಾರ್ರೆ. ನೀವಿಬ್ಬರು ಬಂದೂಕಿಗೆ ಕೊಂಡುಹೋದದ್ದಾ? ಬ್ಲೌಸ್ ಅರ್ಧಕ್ಕೆ ನಿಂತಿದೆ."

ರುಡೊಲ್ಫ್ ಲೋಟ ಕೆಳಗಿಟ್ಟ. "ಒಳಗೆ ಹೋಗು ನೆಲ್ಲಿ."

ಅವಳು ಇಬ್ಬರ ಮುಖ ನೋಡಿ ಒಳಗೆ ಹೋದಳು. ಅವನು ನಿಧಾನಕ್ಕೆ ಹೇಳಿದ, "ನನ್ನ ಬಲಗಣ್ಣಿನ ನರ ಒಣಗ್ತಾ ಉಂಟು, ಜಯ, ಆಪರೇಷನ್ನಿಗೂ ಸರಿ ಆಗ್ಲಿಕ್ಕಿಲ್ಲ. ಮುಂದಿನ ವರ್ಷ ನಳಿಗೆ ತುದಿಯ ಗುರಿ ಕಡ್ಡಿಯೇ ಕಾಣ್ಲಿಕ್ಕಿಲ್ಲ. ನಿನಗೆ ಇನ್ನೂ ಬೇಕಾದಷ್ಟು ವರ್ಷ ಉಂಟು."

"ಬಾಯಿ ಬಿಟ್ಟು ಕೇಳ್ಲಿಕ್ಕೆ ಎಂತ ರೋಗ ನಿನಗೆ?"

"ಕೇಳಿದ್ರೆ ಬಿಟ್ಟುಕೊಡ್ತಿದ್ಯಾ?"

"ಇಲ್ಲ! ಬಿಟ್ಟುಕೊಡ್ತಿರಲಿಲ್ಲ. ಬೈದು, ನಿನ್ನೆದುರೇ ಹೊಡೆದು ಗೆಲ್ತಿದ್ದೆ. ಆದ್ರೆ ನಿನ್ನ ಬಂದೂಕಿನೊಳಗೆ ಕೈ ಹಾಕಿ ಹೀಗೆ ಮಾಡ್ತಿರಲಿಲ್ಲ. ನೀನು ಇವತ್ತು ಗೆದ್ದದ್ದು ಯಾರ ಗ್ರೀಸಿನಲ್ಲಿ? ಹೇಳು, ಯಾರ ಕೈಯ ಗ್ರೀಸಿನಲ್ಲಿ?"

ನನಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತ್ತು. ಹೊಡೆದಿದ್ದರೆ ಒಳ್ಳೆಯದಿತ್ತೇನೋ, ಜಗಳ ಅಂತ ಆಗಿ ಮುಗಿಯುತ್ತಿತ್ತು. ಪಿಸ್ಟನ್ ಎತ್ತಿಕೊಂಡು ಬಂದೆ.

ರಾಜ್ಯ ಕೂಟ ಹತ್ತಿರವಾದಾಗ ನೆಲ್ಲಿ ಬಸ್ಸಿನಲ್ಲಿ ತೊಕ್ಕೊಟ್ಟಿಗೆ ಬಂದಳು. ಹಳೆ ಸೀರೆಯಲ್ಲಿ ಸುತ್ತಿದ ಅವನ ಬಂದೂಕು ಕಂಕುಳಲ್ಲಿ.

"ಗ್ರೀಸ್ ಮಾಡಿಸಿಕೊಂಡು ಬಾ ಅಂದ್ರು. ಜಯ ಬಿಟ್ರೆ ಬೇರೆ ಯಾರ ಕೈಗೂ ಕೊಡ್ಲಿಕ್ಕಿಲ್ಲ ಅಂದ್ರು."

ಮೈಯೆಲ್ಲ ಉರಿಯಿತು. ನಾನು ಅವನಂತೆ ಮಾಡುವವನಲ್ಲ ಎಂದು ಅವನಿಗೆ ಅಷ್ಟು ಧೈರ್ಯ! ನನ್ನ ಮೇಲೆ ಅವನಿಟ್ಟ ನಂಬಿಕೆಯೇ ನನ್ನ ಮುಖಕ್ಕೆ ಉಗುಳಿದ ಹಾಗಿತ್ತು.

ಕಪ್ಪು ಗ್ರೀಸಿನ ಡಬ್ಬಿ, ಅಂಟು ಗ್ರೀಸಿನ ಡಬ್ಬಿ, ಸಿಲಿಕೋನ್ ಕುಪ್ಪಿ, ಮೂರನ್ನೂ ಕವರಿಗೆ ಹಾಕಿ ಬಂದೂಕಿನ ಪಕ್ಕ ಇಟ್ಟೆ.

"ಇದು ಅವನಿಗೆ ಕೊಡಿ ನೆಲ್ಲಿ ಬಾಯಿ. ತನ್ನದಕ್ಕೆ ತಾನೇ ಹಚ್ಚಿಕೊಳ್ಳಲಿ."

"ಅವರಿಗೆ ಕಣ್ಣು ಸರಿ ಕಾಣುವುದಿಲ್ಲ ಜಯಣ್ಣ."

"ನನ್ನದಕ್ಕೆ ಹಾಕುವಾಗ ಕಾಣ್ತಿತ್ತಲ್ಲ."

ಅವಳು ಬಂದೂಕು, ಕವರು ಎರಡನ್ನೂ ಎತ್ತಿಕೊಂಡು ಹೋದಳು.

ಆಮೇಲೆ ನನ್ನದಕ್ಕೆ ನಾನೇ ಹೊಸ ಸೀಲು ಹಾಕಿ, ಬೇರೆ ಡಬ್ಬಿ ತಂದು ಹಚ್ಚಿದೆ. ಒರೆಸಿದೆ, ಮತ್ತೆ ಸ್ವಲ್ಪ ಹಚ್ಚಿದೆ. ಹಿತ್ತಲಲ್ಲಿ ಹೊಡೆದರೆ ಹೊಗೆ. ಗ್ರೀಸ್ ಜಾಸ್ತಿಯಾಗಿದೆ. ಅವನು ಹೇಳಿದ್ದು ಸರಿಯೇ, ತನ್ನ ಬಂದೂಕಿಗೆ ತನ್ನ ಕೈ ನಿಲ್ಲುವುದಿಲ್ಲ.

ಹೊಗೆ ಬರಲಿ. ಇನ್ನೊಬ್ಬನ ಕೈಗೆ ಮಾತ್ರ ಕೊಡುವುದಿಲ್ಲ.