ಸ್ಪಂಜು ಕುಡಿದ ಇಂಕು

ಪ್ರಿಂಟರ್ ಅರ್ಧ ಬೆಲೆಗೆ ಸಿಕ್ಕಿದ ದಿನ ತಮ್ಮನ ಕಾಲು ನೆಲದ ಮೇಲಿರಲಿಲ್ಲ. ಆನೆ ಕೊಳ್ಳುವುದು ದೊಡ್ಡದಲ್ಲ, ಮೇವು ಹಾಕುವುದು ದೊಡ್ಡದು ಎಂಬುದು ಮೂರನೇ ಸಲ ಇಂಕು ತರಲು ಹೋದಾಗ ತಿಳಿಯಿತು. ಇಂಕಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಪ್ರಿಂಟರೇ ಬರುತ್ತಿತ್ತು.

ಅವನು ಮುದ್ರಿಸುತ್ತಿದ್ದುದು ತಿಂಗಳಿಗೆ ಹತ್ತು ಹಾಳೆ. ಹಾಗಾದರೆ ಇಂಕೆಲ್ಲ ಎಲ್ಲಿ ಹೋಯಿತು? ಮನೆಯಲ್ಲಿದ್ದ ಇನ್ನೊಬ್ಬಳೆಂದರೆ ಅಕ್ಕ. ಹೊಲಿಗೆ ಕಾರ್ಖಾನೆ ಮುಚ್ಚಿ ಮೇಲ್ವಿಚಾರಕಿಯ ಕೆಲಸ ಹೋದಮೇಲೆ ಅವನ ಜೊತೆಗೆ ಬಂದಿದ್ದಳು. ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಿದ್ದಳು.

ಒಂದು ದಿನ ಕೇಳಿಯೇ ಬಿಟ್ಟ. "ನಾನಿಲ್ಲದಾಗ ಎಷ್ಟು ಪ್ರಿಂಟ್ ತೆಗೀತೀಯಕ್ಕ?"

"ವಾರಕ್ಕೆ ಎರಡು ಕಣೋ. ಅದೂ ಕಪ್ಪು."

"ಎರಡಕ್ಕೆ ಬಣ್ಣದ್ದೂ ಖಾಲಿ ಆಗುತ್ತಾ?"

ಆ ರಾತ್ರಿ ಅಕ್ಕ ತಲೆನೋವೆಂದು ಊಟ ಬಿಟ್ಟು ಮಲಗಿದಳು. ಮರುದಿನದಿಂದ ಅವನು ಪ್ರಿಂಟರಿನ ವೈರನ್ನು ಕಿತ್ತು, ಸುತ್ತಿ, ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋಗತೊಡಗಿದ. ಸಂಜೆ ಬಂದು ಸಿಕ್ಕಿಸಿದರೆ ಯಂತ್ರ ಎರಡು ನಿಮಿಷ ಗಿರಗಿರ ಎಂದು ನರಳುತ್ತಿತ್ತು. ಅಕ್ಕ ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗತೊಡಗಿದಳು. ಆದರೂ ಇಂಕು ಮೊದಲಿಗಿಂತ ಬೇಗ ಮುಗಿಯಿತು. ಇನ್ನೊಂದು ವೈರ್ ತಂದಿಟ್ಟಿದ್ದಾಳೇನೋ ಎಂದು, ಅವಳು ಸ್ನಾನಕ್ಕೆ ಹೋದಾಗ ಅವಳ ಪೆಟ್ಟಿಗೆ ತಡಕಾಡಿದ. ಮಡಿಸಿದ ಬಟ್ಟೆ, ಕತ್ತರಿ, ಅಳತೆ ಟೇಪು. ಅಷ್ಟೇ.

ಕೊನೆಗೊಂದು ಭಾನುವಾರ ಕೆಂಪು ದೀಪ ಮಿಣುಕಿ ಯಂತ್ರ ನಿಂತೇ ಹೋಯಿತು. ರಿಪೇರಿಯವನು ಬಂದು ಅದರ ಹೊಟ್ಟೆ ಬಿಚ್ಚಿದ. ಕೆಳಗೆ ದಪ್ಪ ಸ್ಪಂಜು, ಕಪ್ಪಗೆ ತೊಟ್ಟಿಕ್ಕುತ್ತಿತ್ತು.

"ನೋಡಿ ಸಾರ್, ನಿಮ್ಮ ಇಂಕೆಲ್ಲ ಇಲ್ಲಿದೆ. ಕರೆಂಟ್ ಕೊಟ್ಟಾಗೆಲ್ಲ ಪ್ರಿಂಟರ್ ಇಂಕಿನಲ್ಲೇ ಬಾಯಿ ಮುಕ್ಕಳಿಸುತ್ತೆ, ಉಗಿದದ್ದು ಈ ಸ್ಪಂಜಿನೊಳಗೆ. ಸುಮ್ಮನೆ ಹಾಗೇ ಬಿಟ್ಟಿದ್ರೆ ಇಷ್ಟು ಆಗ್ತಿರಲಿಲ್ಲ. ದಿನಾ ವೈರ್ ಕೀಳೋ ಪುಣ್ಯಾತ್ಮರು ಯಾರು?"



"ನಾನೇಪ್ಪಾ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಕರೆಂಟ್ ಉಳೀಲಿ ಅಂತ."

"ಒಳ್ಳೇ ಉಳಿತಾಯ ಅಮ್ಮ!" ರಿಪೇರಿಯವನು ನಕ್ಕ. "ಸ್ಪಂಜು, ಇಂಕು, ನನ್ನ ಕೂಲಿ ಸೇರಿಸಿದ್ರೆ ಹೊಸದೇ ಅಗ್ಗ."

ಪರರ ಮುಂದೆ ಅವಳು ತಮ್ಮನ ಮಾನ ಮುಚ್ಚಿದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಲು ಅವನಿಗೆ ಆಸೆಯೂ ಆಯಿತು. ಆ ಆಸೆಗೇ ನಾಚಿಕೆಯಾಯಿತು.

"ಅಕ್ಕ ಅಲ್ಲ, ನಾನು," ಎಂದ. "ಇವಳು ಕದ್ದು ಪ್ರಿಂಟ್ ತೆಗೀತಾಳೆ ಅಂದ್ಕೊಂಡು. ಪೆಟ್ಟಿಗೇನೂ ಹುಡುಕಿದೆ."

ರಿಪೇರಿಯವನು ನಗು ನುಂಗಿ, ಸ್ಕ್ರೂಗಳನ್ನು ಹೆಕ್ಕಿಕೊಂಡು ತಿರುಗಿಸಿ, ಬೇಗನೆ ಹೊರಟುಹೋದ.

ಪೆಟ್ಟಿಗೆಯ ವಿಷಯ ಅಕ್ಕನಿಗೆ ತಿಳಿದಿರಲಿಲ್ಲ. ಕುರ್ಚಿಯ ಅಂಚಿಗೆ ಕೂತಳು.

"ನೀನು ಕೇಳಿದ ದಿನ ನಾನು ಊಟ ಮಾಡಲಿಲ್ಲ. ತಲೆನೋವು ಅಂದಿದ್ದೆ."

"ಹೂಂ."

"ನಂಬಿದ್ಯಾ?"

ಅವನು ನೆಲ ನೋಡಿದ. "ಇಲ್ಲಕ್ಕ. ತಲೆನೋವಲ್ಲ ಅಂತ ಅವತ್ತೇ ಗೊತ್ತಿತ್ತು."