ಮೆತ್ತನೆಯ ಕೈ

ಪರೀಕ್ಷೆಯ ಮೆಷಿನ್ನಿನ ಪರದೆಯ ಮೇಲೆ ಎರಡು ಗೆರೆಗಳೂ ನೆಲಕ್ಕಂಟಿ ಮಲಗಿದ್ದವು. ಲ್ಯಾಬಿನವಳು ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, ಮತ್ತೆ ನೋಡಿದಳು. ಊಹೂಂ.

ಒಂದು ಗೆರೆ ಮಂಕಿಪಾಕ್ಸ್ ವೈರಸ್ಸಿನದು. ಅದು ಏಳದಿದ್ದರೆ ಎಲ್ಲರಿಗೂ ಸಂತೋಷ. ಇನ್ನೊಂದು ಮನುಷ್ಯರ ಜೀನಿನದು. ಮೈಮೇಲಿನ ಗುಳ್ಳೆಯನ್ನು ಸರಿಯಾಗಿ ಉಜ್ಜಿ ಮಾದರಿ ತೆಗೆದಿದ್ದರೆ ಸ್ವಾಬ್ ಕಡ್ಡಿಗೆ ಚರ್ಮದ ಕಣ ಹತ್ತಿರುತ್ತದೆ, ಆಗ ಅದು ಏಳಲೇಬೇಕು. ಉಳಿದವರ ಮಾದರಿಗಳಲ್ಲಿ ಎದ್ದಿತ್ತು. ಇದೊಂದರಲ್ಲಿ ಇಲ್ಲ. ಉಳಿದಿದ್ದ ದ್ರವದಿಂದ ಇನ್ನೊಮ್ಮೆ ಮಾಡಿದರೂ ಅದೇ ಕಥೆ. ಕೊಳವೆಯೊಳಗೆ ವೈರಸ್ಸೂ ಇರಲಿಲ್ಲ, ಮಗುವೂ ಇರಲಿಲ್ಲ.

ಮಗುವೆಂದರೆ ಪ್ರತ್ಯೇಕ ವಾರ್ಡಿನಲ್ಲಿದ್ದ ಪುಟ್ಟ ಹುಡುಗಿ. ಮನೆಯಲ್ಲಿ ಅವಳ ತಾಯಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಲ್ಯಾಬಿನ ಒಂದು 'ಇಲ್ಲ'ಕ್ಕಾಗಿ ಕಾಯುತ್ತಿದ್ದಳು. ಅದು ಬಂದರೆ ಹುಡುಗಿ ಇವತ್ತೇ ಹೋಗಿ ಆ ಕೂಸಿನ ಪಕ್ಕ ಮಲಗುತ್ತಾಳೆ.

ರಾತ್ರಿಯಿಂದ ಕೂತ ಲ್ಯಾಬಿನವಳ ಸೊಂಟ ಬೆಳಿಗ್ಗೆಗೆಲ್ಲ ಹಿಡಿದುಕೊಂಡಿತ್ತು. 'ಇಲ್ಲ' ಎಂದು ಬರೆದು ಎದ್ದುಬಿಡಲು ಎಷ್ಟು ಹೊತ್ತು? ಅವಳು ವಾರ್ಡಿಗೆ ಫೋನ್ ಮಾಡಿದಳು. ಅಲ್ಲಿನ ನರ್ಸ್ ಅವಳ ಅಣ್ಣನ ಹೆಂಡತಿ.

"ಅತ್ತಿಗೆ, ಆ ಮಗುದು ಇನ್ನೊಂದ್ಸಲ ತೆಗೀಬೇಕು."

"ಅಯ್ಯೋ, ನಾದಿನಿ ಕಾಟ ಮನೇಲಿ ಮಾತ್ರ ಅಂದ್ಕೊಂಡಿದ್ದೆ! ವೈರಸ್ ಬಂದಿಲ್ಲ ತಾನೆ? ಇಲ್ಲ ಅಂತ ಬರೆದ್ಹಾಕು."

"ನೀವು ಗುಳ್ಳೆ ಉಜ್ಜಿದ್ರಾ, ಸುಮ್ನೆ ಸವರಿದ್ರಾ?"



"ಮುಟ್ಟಿದ್ ಕೂಡ್ಲೆ ಕಿರುಚ್ಕೊಳ್ತು ಕಣೇ. ಕೈ ಬರ್ಲಿಲ್ಲ. ನಿಂಗೇನು, ಮೆಷಿನ್ ಮುಂದೆ ಕೂತಿರ್ತೀಯ. ಮೆಷಿನ್ ಅಳುತ್ತಾ?"

ಮಾತು ನಾಟಿತು. ಆದರೂ ಅವಳು ದನಿಯೇರಿಸಲಿಲ್ಲ. "ಈಗ 'ಇಲ್ಲ' ಅಂದ್ರೆ ಅದು ಬರೀ ಕಡ್ಡಿ ವಿಷ್ಯ, ಮಗು ವಿಷ್ಯ ಅಲ್ಲ. ಮನೇಲಿ ಕೂಸಿದೆ, ಅತ್ತಿಗೆ."

"ಆಯ್ತು ಮಹರಾಯ್ತಿ."

ಹೊಸ ಕೊಳವೆ ಬಂತು. ಮತ್ತೆ ಗೌನು, ಮತ್ತೆ ಕೈಗವಸು, ಮತ್ತೆ ಮೊದಲಿನಿಂದ ಎಲ್ಲವೂ. ಮೆಷಿನ್ ಗುಂಯ್ಗುಡುತ್ತಿದ್ದಷ್ಟು ಹೊತ್ತೂ ಅವಳು ಗೋಡೆಗೊರಗಿ ನಿಂತಿದ್ದಳು. ಕೂತರೆ ನಿದ್ದೆ ಹತ್ತುವ ಭಯ. ಕೊನೆಗೆ ಮನುಷ್ಯರ ಗೆರೆ ಮೊಣಕಾಲು ನೋವಿನವರು ಮೆಟ್ಟಿಲು ಹತ್ತುವಂತೆ ನಿಧಾನವಾಗಿ ಮೇಲೆದ್ದಿತು. ಇನ್ನೊಂದು ಮಲಗಿದಲ್ಲೇ ಉಳಿಯಿತು. 'ಇಲ್ಲ' ಎಂದು ಬರೆದು ಕಳಿಸಿದಳು.

ತಕ್ಷಣ ಫೋನ್ ಬಂತು.

"ಮಗೂನ ಅಷ್ಟು ಅಳಿಸಿ, ಕೊನೆಗೂ ಅದೇ 'ಇಲ್ಲ'ನಾ? ಬೆಳಿಗ್ಗೆನೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬೆಳಿಗ್ಗೆ ಗೊತ್ತಿರ್ಲಿಲ್ಲ, ಅತ್ತಿಗೆ."

"ಮಗು ನನ್ನ ಮುಖಾನೂ ನೋಡ್ತಿಲ್ಲ ಕಣೇ."

"ಮನೆಗೆ ಹೋಗ್ಬಹುದು ಅಂತ ಹೇಳಿ, ನೋಡ್ತಾಳೆ."

ಹಾಗೆಂದಳೇ ಹೊರತು, ಈ ಮಾತಿಗೆ ಅವಳ ಹತ್ತಿರ ಯಾವ ಗೆರೆಯ ಖಾತ್ರಿಯೂ ಇರಲಿಲ್ಲ.